ಒಯ್ಯಿರಿ, ಇಲ್ಲವೇ ಮಾರಿರಿ



ಹುಬ್ಬಳ್ಳಿ-ಧಾರವಾಡದಿಂದ ಪರದೇಶಕ್ಕೆ ಹೊರಟವರ ಮನೆಯಲ್ಲಿ ಕೊನೆಯ ವಾರ ಏನು ನಡೆಯುತ್ತದೆ ಎಂಬುದು ನಿಮಗೆಲ್ಲ ಗೊತ್ತು. ಪಡಸಾಲೆಯಲ್ಲಿ ಸೂಟ್‌ಕೇಸು ಬಾಯಿ ತೆರೆದುಕೊಂಡು ಬಿದ್ದಿರುತ್ತದೆ. ಪಕ್ಕದಲ್ಲಿ ತೂಕದ ಯಂತ್ರ. ಶೇಂಗಾ ಚಟ್ನಿ, ಗುರೆಳ್ಳ ಹಿಂಡಿ, ಅಗಸಿ ಹಿಂಡಿ, ಖಡಕ್ ರೊಟ್ಟಿಯ ಕಟ್ಟು, ಪೇಡೆಯ ಡಬ್ಬಿ ಒಂದೊಂದಾಗಿ ಒಳಗೆ ಹೋಗುತ್ತವೆ. 23 ಕಿಲೋ ದಾಟಿದೊಡನೆ ಒಂದೊಂದಾಗಿ ಹೊರಗೆ ಬರುತ್ತವೆ. ಈ ಜಗ್ಗಾಟದಲ್ಲಿ ಎರಡು ಡಬ್ಬಿ ಹಿಂಡಿಯ ಬಗ್ಗೆ ತಾಸುಗಟ್ಟಲೆ ಚರ್ಚೆಯಾಗುತ್ತದೆ. ಹೊರಗೆ ಕಾಂಪೌಂಡಿನಲ್ಲಿ ಹೊದಿಕೆ ಹೊದ್ದು ನಿಂತಿರುವ ಒಂದೂವರೆ ಟನ್ನಿನ ಸಾಮಾನಿನ ಬಗ್ಗೆ ಯಾರೂ ಚಕಾರ ಎತ್ತುವುದಿಲ್ಲ. ಅದು ಮಗ ಇಷ್ಟಪಟ್ಟು ತಂದ ಕಾರು. ಎರಡೇ ಬಾಗಿಲಿನದು, ನೆಲಕ್ಕೆ ಅಂಟಿಕೊಂಡಂಥದ್ದು, ಚಾಲೂ ಮಾಡಿದರೆ ಓಣಿಯ ತುದಿಯವರೆಗೆ ಗೊತ್ತಾಗುವಂಥದ್ದು. ಅಂದರೆ ಸ್ಪೋರ್ಟ್ಸ್ ಕಾರು.

ಇಂಥ ಕಾರು ನಮ್ಮೂರಿನಲ್ಲಿ ಯಾರ ಹತ್ತಿರ ಇದ್ದೀತು ಎಂದು ನೀವು ಕೇಳಬಹುದು. ಇವೆ. ಕೆಎ-25 ಮತ್ತು ಕೆಎ-63ರ ಪಾಟಿ ಹೊತ್ತು, ಭಾನುವಾರ ನಸುಕಿನಲ್ಲಿ ಗಬ್ಬೂರಿನಿಂದ ನರೇಂದ್ರದ ಕಡೆಗೆ, ಇಲ್ಲವೇ ಬೆಳಗಾವಿಯ ದಾರಿಯಲ್ಲಿ ಹೋಗುವುದನ್ನು ನೋಡಿದವರಿದ್ದಾರೆ. ಭಾನುವಾರ ನಸುಕಿನಲ್ಲೇ ಯಾಕೆ ಎಂದರೆ ಉಳಿದ ಹೊತ್ತಿನಲ್ಲಿ ಅವು ನಮ್ಮ ರಸ್ತೆಗೆ ಹೇಳಿ ಮಾಡಿಸಿದವಲ್ಲ. ರೋಡ್ ಹಂಪ್ ಹೇಗಿರಬೇಕು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕ ಹಾಕಿಕೊಟ್ಟಿದೆ: 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ, ಇಳಿಜಾರು ನಿಧಾನ. ನಮ್ಮ ಓಣಿಗಳ ಹಂಪು ಕಟ್ಟಿದವರು ಆ ಪುಸ್ತಕ ತೆರೆದಂತೆ ಕಾಣುವುದಿಲ್ಲ. ನೆಲದಿಂದ ನಾಲ್ಕೈದು ಇಂಚು ಮೇಲಿರುವ ಕಾರು ಅಲ್ಲಿ ಹೊಟ್ಟೆ ಉಜ್ಜಿಕೊಳ್ಳದೆ ದಾಟಬೇಕಾದರೆ ಚಾಲಕ ಅದನ್ನು ಓರೆಯಾಗಿ, ಒಂದೊಂದೇ ಗಾಲಿ ಹತ್ತಿಸಿ ಇಳಿಸಬೇಕು. ಹಿಂದಿದ್ದ ಆಟೋದವರು ಹಾರ್ನ್ ಬಾರಿಸುತ್ತಿರುತ್ತಾರೆ. ಆದರೂ ಅದನ್ನು ಕೊಂಡವರಿಗೆ ಅದರ ಮೇಲೆ ಪ್ರಾಣ. ಆ ಪ್ರೀತಿಯನ್ನು ಹಾಸ್ಯ ಮಾಡಲು ನಾನು ಇಲ್ಲಿ ಕುಳಿತಿಲ್ಲ. ಯಾರಿಗೆ ಯಾವುದರ ಮೇಲೆ ಜೀವ ಹೋಗುತ್ತದೆ ಎಂಬುದು ಅವರವರ ಪಾಡು.

ಹೊರಟವರ ಮುಂದೆ ಮೂರು ದಾರಿ ಇರುತ್ತವೆ. ಕಾರನ್ನು ಜೊತೆಗೆ ಒಯ್ಯುವುದು, ಮಾರುವುದು, ಅಪ್ಪನ ಸುಪರ್ದಿಗೆ ಬಿಟ್ಟುಹೋಗುವುದು. ಹೆಚ್ಚಿನವರು ಮೂರನೆಯದನ್ನು ಹಿಡಿಯುತ್ತಾರೆ, ಅದೂ ಯೋಚನೆ ಮಾಡಿ ಅಲ್ಲ, ಯೋಚಿಸಲು ಹೊತ್ತಾಗದೆ. ಆ ಮೂರನೆಯದೇ ಎಲ್ಲಕ್ಕಿಂತ ಕೆಟ್ಟ ದಾರಿ ಎಂಬುದು ನನ್ನ ಅಭಿಪ್ರಾಯ.

ಮೊದಲು ಒಯ್ಯುವ ಮಾತು. ಇದರಲ್ಲಿ ದುಡ್ಡಿನ ಪ್ರಶ್ನೆ ಆಮೇಲೆ ಬರುತ್ತದೆ. ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು, ಹೋಗುವ ದೇಶ ಆ ಕಾರನ್ನು ಒಳಗೆ ಬಿಟ್ಟುಕೊಳ್ಳುತ್ತದೆಯೇ ಎಂದು. ಮನುಷ್ಯರಿಗೆ ವೀಸಾ ಇದ್ದ ಹಾಗೆ ಕಾರಿಗೂ ಒಂದು ಬಗೆಯ ವೀಸಾ ಬೇಕು, ಮತ್ತು ಅದು ನಮ್ಮ ವೀಸಾಕ್ಕಿಂತ ಬಿಗಿ.

ನಮ್ಮ ಹುಡುಗರು ಅತಿ ಹೆಚ್ಚು ಹೋಗುವ ದೇಶವನ್ನೇ ತೆಗೆದುಕೊಳ್ಳಿ. ವಿದ್ಯಾನಗರದ ಬಿ.ವಿ.ಬಿ. ಕಾಲೇಜು 1947ರಲ್ಲಿ ಶುರುವಾದದ್ದು, ಈಗ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯ. ಅಲ್ಲಿ ಓದಿ ಅಮೆರಿಕಕ್ಕೆ ಹೋದವರು ಮನೆಗೊಬ್ಬರು ಎಂಬಷ್ಟು ಇದ್ದಾರೆ. ಅಮೆರಿಕದ ಸುರಕ್ಷತಾ ನಿಯಮಕ್ಕೆ ತಕ್ಕಂತೆ ತಯಾರಾಗದ ಕಾರನ್ನು ಅಲ್ಲಿಗೆ ಕಾಯಮ್ಮಾಗಿ ಒಯ್ಯಬೇಕಾದರೆ ಅದಕ್ಕೆ 25 ವರ್ಷ ತುಂಬಿರಬೇಕು. 1988ರ ಕಾಯ್ದೆಯಿಂದ ಬಂದ ನಿಯಮ ಇದು. ಹೊಗೆಯ ನಿಯಮದಿಂದ ವಿನಾಯಿತಿ ಸಿಗಲು 21 ವರ್ಷ. ಅದಕ್ಕಿಂತ ಎಳೆಯ ಕಾರಾದರೆ, ಅಲ್ಲಿ ನೋಂದಾಯಿತ ಆಮದುದಾರರ ಕೈಯಲ್ಲಿ ಕೊಟ್ಟು ಅಮೆರಿಕದ ಮಟ್ಟಕ್ಕೆ ತಿದ್ದಿಸಬೇಕು; ಆ ಖರ್ಚಿನಲ್ಲಿ ಅಲ್ಲೇ ಒಂದು ಹೊಸ ಕಾರು ಬಂದೀತು. ಅನಿವಾಸಿಯಾಗಿ ಒಂದು ವರ್ಷದ ಮಟ್ಟಿಗೆ ಒಯ್ಯಲು ಅವಕಾಶ ಉಂಟು. ಆದರೆ ವರ್ಷ ಮುಗಿಯುವುದರೊಳಗೆ ಕಾರು ಮತ್ತೆ ಹಡಗು ಹತ್ತಬೇಕು, ಅಲ್ಲಿ ಮಾರುವಂತಿಲ್ಲ.

ಇದರಲ್ಲಿ ಒಂದು ಮೋಜಿನ ಸಂಗತಿ ಇದೆ. ಫೋರ್ಡ್ ಕಂಪನಿಯ ಮಸ್ಟಾಂಗ್ 2016ರಲ್ಲಿ ಭಾರತದ ಮಾರುಕಟ್ಟೆಗೆ ಬಂತು. ಹುಟ್ಟಿದ್ದು ಅಮೆರಿಕದ ಮಿಷಿಗನ್ ರಾಜ್ಯದ ಫ್ಲಾಟ್ ರಾಕ್ ಎಂಬ ಊರಿನ ಕಾರಖಾನೆಯಲ್ಲಿ, ಸ್ಟಿಯರಿಂಗ್ ಬಲಕ್ಕೆ ಇಟ್ಟು ನಮಗಾಗಿ ಕಳಿಸಿದ್ದು. ಅದೇ ಕಾರನ್ನು ಮಾಲೀಕರು ಡೆಟ್ರಾಯಿಟ್‌ನಲ್ಲಿ ಕೆಲಸ ಸಿಕ್ಕಿತೆಂದು ಜೊತೆಗೆ ಒಯ್ಯಲು ಹೋದರೆ, ತವರು ಮನೆಯ ಬಾಗಿಲಲ್ಲೇ ಅದನ್ನು ತಡೆಯುತ್ತಾರೆ. ಅಮೆರಿಕದ ನಿಯಮದಂತೆ ತಯಾರಾಗಿದೆ ಎಂಬ ಚೀಟಿ ಅದರ ಮೈಮೇಲೆ ಇಲ್ಲವಲ್ಲ! ಇನ್ನೊಂದು ಕಡೆ, ನಮ್ಮ ನೆರೆಯ ಗೋವೆಯಲ್ಲೇ 1990ರ ದಶಕದ ಕೊನೆಗೆ ಸ್ಯಾನ್ ಸ್ಟಾರ್ಮ್ ಎಂಬ ಪುಟ್ಟ ಕಾರು ತಯಾರಾಗುತ್ತಿತ್ತು. ಬೆಂಗಳೂರಿನ ಸ್ಯಾನ್ ಎಂಜಿನಿಯರಿಂಗ್ ಸಂಸ್ಥೆಯ ಸಾಹಸ ಅದು. ಇಬ್ಬರೇ ಕೂಡಬಹುದು, ಮಾಡು ತೆಗೆಯಬಹುದು, ಮೈಯೆಲ್ಲ ಫೈಬರ್, ಒಳಗೆ ರೆನೋ ಕಂಪನಿಯ ಸಣ್ಣ ಎಂಜಿನ್. ಓಟದಲ್ಲಿ ಹೇಳಿಕೊಳ್ಳುವಂಥದ್ದೇನಲ್ಲ. ಆದರೆ ಮೊದಮೊದಲು ಹೊರಬಂದ ಸ್ಯಾನ್ ಸ್ಟಾರ್ಮ್‌ಗಳಿಗೆ ಈಗ 25 ತುಂಬಿದೆ. ಹಾಗಾಗಿ ಕೋಟಿ ರೂಪಾಯಿಯ ಹೊಸ ಪೋರ್ಷೆಗೆ ತೆರೆಯದ ಬಾಗಿಲು ಆ ಫೈಬರ್ ಕಾರಿಗೆ ತೆರೆಯುತ್ತದೆ. ಕೆನಡಾದವರು ಸ್ವಲ್ಪ ಮೆತ್ತಗೆ, ಅವರಿಗೆ 15 ವರ್ಷ ಸಾಕು.

ದುಬೈ, ಮಸ್ಕತ್, ದೋಹಾ ಕಡೆ ಹೊರಟವರಿಗೆ ಉತ್ತರ ಒಂದೇ ಮಾತಿನಲ್ಲಿ ಮುಗಿಯುತ್ತದೆ. ಅಲ್ಲಿ ವಾಹನ ರಸ್ತೆಯ ಬಲಬದಿಗೆ ಓಡುತ್ತವೆ, ಬಲಕ್ಕೆ ಸ್ಟಿಯರಿಂಗ್ ಇದ್ದ ಕಾರನ್ನು ನೋಂದಣಿ ಮಾಡಿಕೊಳ್ಳುವುದಿಲ್ಲ. ಸಿಂಗಾಪುರದಲ್ಲಿ ನಮ್ಮಂತೆಯೇ ಎಡಬದಿ. ಆದರೆ ಮೂರು ವರ್ಷ ದಾಟಿದ ಕಾರು ಬೇಡ ಎನ್ನುತ್ತಾರೆ. ಮೇಲಾಗಿ ಅಲ್ಲಿ ಕಾರು ಇಟ್ಟುಕೊಳ್ಳುವ ಹಕ್ಕನ್ನೇ ಹರಾಜಿನಲ್ಲಿ ಕೊಳ್ಳಬೇಕು. 10 ವರ್ಷದ ಆ ಹಕ್ಕಿನ ಚೀಟಿ, ದೊಡ್ಡ ಕಾರಿನದ್ದು, 2023ರಲ್ಲಿ ಒಂದೂವರೆ ಲಕ್ಷ ಸಿಂಗಾಪುರ ಡಾಲರಿನ ತನಕ ಏರಿತ್ತು. ಕಾರು ಬೇರೆ, ಚೀಟಿ ಬೇರೆ.

ಒಯ್ಯುವುದು ನಿಜಕ್ಕೂ ಆಗುವಂಥ ದೇಶವೆಂದರೆ ಬ್ರಿಟನ್. ಕಿಮ್ಸ್‌ನಲ್ಲೋ ಸತ್ತೂರಿನ ಎಸ್.ಡಿ.ಎಂ.ನಲ್ಲೋ ಓದಿ ಅಲ್ಲಿಯ ಆಸ್ಪತ್ರೆಗಳಿಗೆ ಹೋದ ಡಾಕ್ಟರರು ನಮ್ಮಲ್ಲಿ ಬೇಕಾದಷ್ಟು ಜನ. ಬ್ರಿಟನ್ನಿನ ಹೊರಗೆ ಕನಿಷ್ಠ 12 ತಿಂಗಳು ನೆಲೆಸಿದವರು, ಕನಿಷ್ಠ ಆರು ತಿಂಗಳು ತಮ್ಮದಾಗಿ ಬಳಸಿದ ಕಾರನ್ನು ವಾಸ್ತವ್ಯ ಬದಲಾವಣೆಯ ಲೆಕ್ಕದಲ್ಲಿ ಸುಂಕವಿಲ್ಲದೆ ಒಯ್ಯಬಹುದು. ಮೊದಲೇ ಅರ್ಜಿ ಹಾಕಿ ಒಪ್ಪಿಗೆ ಪಡೆದಿರಬೇಕು, ವರ್ಷದವರೆಗೆ ಅದನ್ನು ಮಾರಬಾರದು, ಬಾಡಿಗೆಗೂ ಎರವಲಿಗೂ ಕೊಡಬಾರದು. ಕಾರಿಗೆ 10 ವರ್ಷ ಆಗಿಲ್ಲವಾದರೆ ಅದು ಅಲ್ಲಿಯ ತಪಾಸಣೆಯಲ್ಲಿ ಪಾಸಾಗಬೇಕು. ದೀಪ, ಕನ್ನಡಿ, ಬೆಲ್ಟು, ಹೊಗೆ, ಸದ್ದು ಎಲ್ಲ ನೋಡುತ್ತಾರೆ. ಇಲ್ಲಿ ಸೈಲೆನ್ಸರ್ ಬದಲಾಯಿಸಿ ಗುಡುಗುವಂತೆ ಮಾಡಿಸಿಕೊಂಡವರು ಹೋಗುವ ಮೊದಲೇ ಕಂಪನಿಯ ಸೈಲೆನ್ಸರ್ ಹುಡುಕಿ ತಂದು ಹಾಕಿಸುವುದು ಒಳ್ಳೆಯದು.

ಆಸ್ಟ್ರೇಲಿಯಾದ ಮಾತೂ ಹೇಳಿಬಿಡುತ್ತೇನೆ, ಅದರಲ್ಲಿ ನಮ್ಮ ಮಣ್ಣಿನ ಕಥೆ ಇದೆ. ಕಾರು ಹಡಗು ಹತ್ತುವ ಮೊದಲೇ ಆಮದಿನ ಒಪ್ಪಿಗೆ ಕೈಯಲ್ಲಿರಬೇಕು. ಒಪ್ಪಿಗೆ ಇಲ್ಲದೆ ಹೋದ ಕಾರು ಬಂದರಿನಲ್ಲೇ ಕುಳಿತು ಬಾಡಿಗೆ ಬೆಳೆಸುತ್ತದೆ. ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಎಲ್ಲಿಯೂ ಇರಬಾರದು. ಹಳೆಯ ಕಾರುಗಳ ಬ್ರೇಕು, ಕ್ಲಚ್ಚು, ಗ್ಯಾಸ್ಕೆಟ್ಟುಗಳಲ್ಲಿ ಅದು ಅಡಗಿರುತ್ತದೆ. ಇದೆಲ್ಲಕ್ಕಿಂತ ಕಾಡುವುದು ಮಣ್ಣು. ಹೊರಗಿನ ಮಣ್ಣು, ಬೀಜ, ಹುಳ, ಒಣ ಎಲೆ ಯಾವುದೂ ಆ ದೇಶದೊಳಗೆ ಹೋಗಬಾರದೆಂಬುದು ಅವರ ಜೈವಿಕ ಸುರಕ್ಷತೆಯ ಕಾನೂನು. ಧಾರವಾಡದಲ್ಲಿ ಓಡಿದ ಕಾರಿನ ಹೊಟ್ಟೆಯಡಿ ಒಮ್ಮೆ ಬಗ್ಗಿ ನೋಡಿ. ಊರ ಪಡುವಲ ಕಡೆಯ ಕೆಂಪು ಮಣ್ಣು, ನವಲಗುಂದದ ದಾರಿಯ ಎರಿ ಮಣ್ಣು ಪದರು ಪದರಾಗಿ ಹೆಪ್ಪುಗಟ್ಟಿರುತ್ತದೆ. ಎರಿ ಮಣ್ಣಿನ ಗುಣ ನಿಮಗೆ ಹೇಳಬೇಕಿಲ್ಲ. ಒಣಗಿದರೆ ಕಲ್ಲು, ನೆನೆದರೆ ಅಂಟು. ಮಡ್‌ಗಾರ್ಡಿನ ಒಳಗಿನ ಪ್ಲಾಸ್ಟಿಕ್ ಬಿಚ್ಚಿ, ಗಾಲಿ ಕಳಚಿ, ಬಿಸಿ ಹಬೆ ಹಿಡಿದು, ಚಾಸಿಯ ಒಂದೊಂದು ತೂತಿನಿಂದ ಅದನ್ನು ಕೆರೆದು ತೆಗೆಯಬೇಕು. ಬಾನೆಟ್ಟಿನ ಕೆಳಗೆ ಗಾಜಿನ ಬುಡದಲ್ಲಿ ನೀರು ಹರಿಯುವ ಸಂದಿ ಇರುತ್ತದಲ್ಲ, ಅಲ್ಲಿ ಬೇವಿನ ಎಲೆ, ಗುಲ್‌ಮೊಹರಿನ ಪಕಳೆ ಕೊಳೆತು ಗೊಬ್ಬರವಾಗಿರುತ್ತದೆ. ಅದೂ ಹೋಗಬೇಕು. ಇಲ್ಲಿ ತೊಳೆದದ್ದು ಸಾಲದೆಂದು ಅಲ್ಲಿಯ ಅಧಿಕಾರಿಗೆ ಕಂಡರೆ ಅವರೇ ತೊಳೆಸುತ್ತಾರೆ, ಬಿಲ್ಲು ನಿಮ್ಮ ಹೆಸರಿಗೆ.

ಸರಿ, ದೇಶ ಒಪ್ಪಿತು ಎನ್ನೋಣ. ಕಾರು ಧಾರವಾಡದಿಂದ ಸಮುದ್ರಕ್ಕೆ ಹೋಗುವುದು ಹೇಗೆ? ನಮ್ಮ ಸರಕು ಪರದೇಶಕ್ಕೆ ಹೋಗುವುದು ಹೊಸದಲ್ಲ. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ನಿಂತುಹೋದಾಗ ಇಂಗ್ಲೆಂಡಿನ ಗಿರಣಿಗಳ ಕಣ್ಣು ಧಾರವಾಡ ಸೀಮೆಯ ಹತ್ತಿಯ ಮೇಲೆ ಬಿತ್ತು. ಅದು ಘಟ್ಟ ಇಳಿದು ಕುಮಟಾ, ಕಾರವಾರದಲ್ಲಿ ಹಡಗು ಹತ್ತುತ್ತಿತ್ತು. 1880ರ ದಶಕದಲ್ಲಿ ರೈಲು ಬಂದ ಮೇಲೆ ಮುರಗಾಂವ ಹತ್ತಿರವಾಯಿತು. ಇವತ್ತು ಒಂಟಿ ಕಾರು ಒಯ್ಯುವವರು ಸಾಮಾನ್ಯವಾಗಿ ಹಿಡಿಯುವುದು ಬೆಳಗಾವಿ, ಕೊಲ್ಹಾಪುರ, ಪುಣೆ ದಾಟಿ ಮುಂಬಯಿಯ ನ್ಹಾವಾ ಶೇವಾ ಬಂದರಿನ ದಾರಿ. ಐನೂರು ಕಿಲೋಮೀಟರಿಗೂ ಮೇಲೆ. ಕಾರನ್ನು ಓಡಿಸಿಕೊಂಡು ಹೋಗದೆ, ಹಾಸು ಲಾರಿಯ ಮೇಲೆ ಕಟ್ಟಿ ಕಳಿಸುವುದು ಜಾಣತನ.

ಹೋಗುವ ಮೊದಲು ಕಾಗದ. ಬ್ಯಾಂಕಿನ ಸಾಲ ತೀರಿಸಿ, ಆರ್.ಸಿ.ಯ ಮೇಲಿನ ಹೈಪೋಥಿಕೇಶನ್ ತೆಗೆಸಬೇಕು. ಆರ್.ಟಿ.ಒ. ಕಚೇರಿಯಿಂದ ನಿರಾಕ್ಷೇಪಣ ಪತ್ರ ಪಡೆಯಬೇಕು. ಕಸ್ಟಮ್ಸಿನಲ್ಲಿ ಶಿಪ್ಪಿಂಗ್ ಬಿಲ್ ಆಗಬೇಕು. ಅಜ್ಜನ ಕಾಲದ ಕಾರಾದರೆ ಇನ್ನೊಂದು ತೊಡಕು. 1950ರ ಜನವರಿ 1ಕ್ಕಿಂತ ಮುಂಚೆ ತಯಾರಾದ ವಿಂಟೇಜ್ ಕಾರನ್ನು, ಅದರ ಬಿಡಿಭಾಗವನ್ನು ಕೂಡ, ಸರಕಾರದ ಪರವಾನಗಿ ಇಲ್ಲದೆ ದೇಶದಿಂದ ಹೊರಗೆ ಕಳಿಸುವಂತಿಲ್ಲ. ಈ ನಿಯಮ ಇದ್ದದ್ದು ಒಳ್ಳೆಯದೇ ಆಯಿತು ಅನ್ನಿ. ಇಲ್ಲದಿದ್ದರೆ ಧರ್ಮಸ್ಥಳದ ವಸ್ತುಸಂಗ್ರಹಾಲಯದಲ್ಲಿ ಇವತ್ತು ನಾವು ನೋಡುವಂಥ ಹಳೆಯ ಮೋಟಾರುಗಳು ಎಷ್ಟೋ ಪರದೇಶದವರ ಗ್ಯಾರೇಜು ಸೇರುತ್ತಿದ್ದವು.

ಕಂಟೇನರಿನಲ್ಲಿ ಕಾರು ತುಂಬುವುದನ್ನು ನೋಡಬೇಕು, ಅದೊಂದು ಕಸರತ್ತು. 20 ಅಡಿಯ ಕಂಟೇನರಿನ ಬಾಗಿಲಿನ ಅಗಲ 2 ಮೀಟರ್ 34 ಸೆಂಟಿಮೀಟರ್. ಮಸ್ಟಾಂಗಿನಂಥ ಕಾರಿನ ಅಗಲ, ಕನ್ನಡಿ ಬಿಟ್ಟು, 1 ಮೀಟರ್ 92. ಅಂದರೆ ಒಂದೊಂದು ಬದಿಗೆ ಒಂದು ಗೇಣಿನಷ್ಟು ಜಾಗ. ಕನ್ನಡಿ ಮಡಚಿ, ಹಲಗೆಯ ಮೇಲೆ ಹಲಗೆ ಇಟ್ಟು ಏರು ಉದ್ದ ಮಾಡಿ, ಮುಂದಿನ ತುಟಿ ತಾಗದಂತೆ ಒಬ್ಬ ಮಂಡಿಯೂರಿ ನೋಡುತ್ತ, ಇಂಚು ಇಂಚಾಗಿ ಒಳಗೆ ತರುತ್ತಾರೆ. ತಂದಾಯಿತು, ಇನ್ನು ಚಾಲಕ ಹೊರಗೆ ಬರುವುದು ಹೇಗೆ? ಎರಡು ಬಾಗಿಲಿನ ಕಾರಿನ ಬಾಗಿಲು ಉದ್ದ, ಒಂದು ಗೇಣು ತೆರೆದರೆ ಬೆಕ್ಕು ಕೂಡ ಹಾಯದು. ಕಿಟಕಿಯಿಂದ ತಲೆ ಹಾಕಿ, ಸೊಂಟ ತಿರುಗಿಸಿ ಹೊರಬರಬೇಕು. ಅದಕ್ಕೇ ಈ ಕೆಲಸಕ್ಕೆ ಸಣಕಲು ಆಳನ್ನೇ ಆರಿಸುತ್ತಾರೆ, ಇಲ್ಲವೇ ಎಂಜಿನ್ ಬಂದ್ ಮಾಡಿ ಹಗ್ಗ ಹಾಕಿ ಎಳೆದುಕೊಳ್ಳುತ್ತಾರೆ. ಆಮೇಲೆ ಗಾಲಿಗಳ ಹಿಂದೆ ಮುಂದೆ ಕಟ್ಟಿಗೆಯ ತುಂಡು ಇಟ್ಟು ನೆಲಕ್ಕೆ ಮೊಳೆ ಹೊಡೆದು, ಪಟ್ಟಿಯಿಂದ ಬಿಗಿದು, ಬ್ಯಾಟರಿಯ ತಂತಿ ಕಳಚುತ್ತಾರೆ. ಪೆಟ್ರೋಲು ತಳದಲ್ಲಿ ಸ್ವಲ್ಪವೇ ಇರಬೇಕು, ಯಾಕೆಂದರೆ ಹಡಗಿನ ನಿಯಮದಲ್ಲಿ ಪೆಟ್ರೋಲು ತುಂಬಿದ ವಾಹನ ಅಪಾಯದ ಸರಕು. ಮರೀನ್ ಇನ್ಶುರನ್ಸ್ ಮಾಡಿಸದೆ ಬಾಗಿಲು ಮುಚ್ಚಿಸಬೇಡಿ.

ವರ್ಷದೊಳಗೆ ಮರಳಿ ಬರುವವರಿಗೆ, ಅಥವಾ ನೆಲದ ಮೇಲೆ ಗಡಿ ಗಡಿ ದಾಟುತ್ತ ಯುರೋಪಿನ ತನಕ ಓಡಿಸಿಕೊಂಡು ಹೋಗುವ ಹುಚ್ಚಿರುವವರಿಗೆ, ಕಾರ್ನೆ ಎಂಬ ಪುಸ್ತಕ ಇದೆ. ಅದು ಕಾರಿನ ಪಾಸ್‌ಪೋರ್ಟು. ಆಟೊಮೊಬೈಲ್ ಸಂಘದ ಮೂಲಕ, ಭದ್ರತೆಯ ಹಣ ಇಟ್ಟು ಪಡೆಯಬೇಕು. ಕಾರು ಮರಳಿ ಬಾರದಿದ್ದರೆ ಹಣ ಹೋಯಿತು. ನೆಲೆಸಲು ಹೋಗುವವರಿಗೆ ಇದರಿಂದ ಉಪಯೋಗವಿಲ್ಲ.

ಪರದೇಶಕ್ಕೆ ಹೋದವರ ಕಾರಿನ ಮಾತು ಬಂದಾಗ ಹುಬ್ಬಳ್ಳಿಯವರು ನೆನೆಸುವ ಒಂದು ಪ್ರಸಂಗ ಇದೆ. ವಿಜಯ ಮಲ್ಯ 2016ರ ಮಾರ್ಚ್ 2ರಂದು ದೇಶ ಬಿಟ್ಟರು. ಫಾರ್ಮುಲಾ ಒನ್ ರೇಸಿನಲ್ಲಿ ಸ್ವಂತ ತಂಡ ಇಟ್ಟವರು, ಕಾರುಗಳ ಸಂಗ್ರಹಕ್ಕೆ ಹೆಸರಾದವರು. ಅವರ ಕಾರುಗಳು ಇಲ್ಲೇ ಉಳಿದವು, ಸಾಲ ಕೊಟ್ಟ ಬ್ಯಾಂಕುಗಳ ವಸೂಲಿಗೆ ಸಿಕ್ಕವು. 2018ರ ಆರಂಭದಲ್ಲಿ ನಡೆದ ಹರಾಜಿನಲ್ಲಿ ಅವುಗಳಲ್ಲಿ ಎರಡನ್ನು, ಒಂದು ಹ್ಯುಂಡೈ ಸೊನಾಟಾ, ಒಂದು ಹೊಂಡಾ ಅಕಾರ್ಡ್, ನಮ್ಮ ಹುಬ್ಬಳ್ಳಿಯ ವ್ಯಾಪಾರಸ್ಥರೊಬ್ಬರು ಹಿಡಿದರು. ಎರಡೂ ಸೇರಿ 1 ಲಕ್ಷ 40 ಸಾವಿರ ರೂಪಾಯಿ. ಒಂದು ಹೊಸ ಬೈಕಿನ ರೊಕ್ಕ! ಇವು ಸ್ಪೋರ್ಟ್ಸ್ ಕಾರಲ್ಲ ನಿಜ. ಆದರೆ ಮಾಲೀಕ ಸಮುದ್ರದಾಚೆ ಹೋಗಿ, ಕಾರು ಇಲ್ಲಿ ವರ್ಷಗಟ್ಟಲೆ ನಿಂತರೆ ಅದರ ಬೆಲೆ ಎಲ್ಲಿಗೆ ಇಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ.

ತಿರುಗಿ ಬರುವವರ ಪಾಡೂ ಸುಲಭವಲ್ಲ. ಸಚಿನ್ ತೆಂಡೂಲ್ಕರ್ ಅವರ ಫೆರಾರಿಯ ಕಥೆ ಎಲ್ಲರಿಗೂ ನೆನಪಿರಬೇಕು. ಬ್ರಾಡ್‌ಮನ್ನರ 29 ಶತಕಗಳ ಸಾಲಿಗೆ ಬಂದದ್ದಕ್ಕೆ 2002ರಲ್ಲಿ ಫಿಯಟ್ ಕಂಪನಿ ಕೊಟ್ಟ ಉಡುಗೊರೆ, ಮೈಕೆಲ್ ಶೂಮಾಕರ್ ಕೈಯಿಂದ. ಭಾರತಕ್ಕೆ ತರುವಾಗ ಒಂದು ಕೋಟಿಗೂ ಮೀರಿದ ಸುಂಕವನ್ನು ಸರಕಾರ ಮನ್ನಾ ಮಾಡಿತು, ದೇಶದ ತುಂಬ ಗದ್ದಲವಾಯಿತು, ಕೊನೆಗೆ ಸುಂಕವನ್ನು ಫಿಯಟ್ ಕಂಪನಿಯೇ ಕಟ್ಟಿತು. ತೆಂಡೂಲ್ಕರರಿಗೇ ಹೀಗಾದರೆ ನಮ್ಮ ಕೇಶ್ವಾಪುರದ ಡಾಕ್ಟರರಿಗೆ ರಿಯಾಯಿತಿ ಕೊಡುವವರು ಯಾರು? ಬಳಸಿದ ಕಾರು ತರಬೇಕಾದರೆ ಅದು ತಯಾರಾಗಿ ಮೂರು ವರ್ಷಕ್ಕಿಂತ ಹೆಚ್ಚಾಗಿರಬಾರದು, ಸ್ಟಿಯರಿಂಗ್ ಬಲಕ್ಕಿರಬೇಕು, ವೇಗದ ಮೀಟರು ಕಿಲೋಮೀಟರಿನಲ್ಲಿ ತೋರಿಸಬೇಕು, ಇಳಿಯುವುದು ಮುಂಬಯಿ ಬಂದರಿನಲ್ಲೇ. ಸುಂಕವೋ, ಬಳಸಿದ ಕಾರಿಗೆ 2013ರ ಬಜೆಟ್ಟಿನಲ್ಲಿ ಮೂಲ ದರವನ್ನೇ ಶೇ 125ಕ್ಕೆ ಏರಿಸಿದ್ದರು. ಅಂದರೆ ಕಾರಿಗಿಂತ ಸುಂಕ ದೊಡ್ಡದು. ಆದ್ದರಿಂದ ಇಲ್ಲಿಂದ ಒಯ್ದ ಕಾರನ್ನು ಮತ್ತೆ ಇಲ್ಲಿಗೆ ತರುತ್ತೇನೆಂಬ ಲೆಕ್ಕ ಯಾರೂ ಹಾಕಬಾರದು.

ಇನ್ನು ಇಟ್ಟುಹೋಗುವ ಮಾತು. ಇದನ್ನು ನಾನು ಹಲವು ಮನೆಗಳಲ್ಲಿ ಕಂಡಿದ್ದೇನೆ. ಸಪ್ತಾಪುರದ ಕಡೆ ನಿವೃತ್ತ ಮಾಸ್ತರರೊಬ್ಬರಿದ್ದಾರೆ. ಮಗ ಪರದೇಶದಲ್ಲಿ, ಕಾರು ಮನೆಯಲ್ಲಿ. ಒಂದು ಭಾನುವಾರ ಅವರ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕುಳಿತಾಗ ಮಗನ ಫೋನು ಬಂತು.

"ಅಪ್ಪಾ, ಗಾಡಿ ಚಾಲೂ ಮಾಡಿದ್ರೇನು?"

"ಮಾಡೀನೋ ತಮ್ಮಾ. ಹದಿನೈದ ಮಿನಿಟು ಇಟ್ಟು ಬಂದ್ ಮಾಡೀನಿ. ಓಣ್ಯಾಗಿನ ಹುಡುಗ್ರೆಲ್ಲಾ ಬಂದು ನಿಂತಿದ್ವು."

"ರಸ್ತಾಕ್ಕ ಒಯ್ದಿದ್ರೇನು?"

"ಒಯ್ಯಬೇಕಂದ್ರ ಮೊದಲ ಅದರಾಗ ಕೂಡಬೇಕಲ್ಲ. ಕೂತ ಮ್ಯಾಲೆ ಏಳಬೇಕಲ್ಲ. ನಿಮ್ಮವ್ವ ಬಂದು ಕೈ ಹಿಡದು ಜಗ್ಗಬೇಕಾಗ್ತದ."

ಮಗ ನಕ್ಕಿರಬೇಕು, ಇವರೂ ನಕ್ಕರು. ಫೋನು ಇಟ್ಟ ಮೇಲೆ ಮಾಸ್ತರರು ಹೇಳಿದ್ದು ಬೇರೆ: "ಹಬ್ಬಕ್ಕ ಹೋಗಬೇಕಂದ್ರೂ ಇದರ ಚಿಂತಿ ನೋಡ್ರಿ. ಮಳಿ ಬಂದ್ರ ಹೊದಿಕೆ ಹಾರೀತು, ಹುಡುಗ್ರು ಕ್ರಿಕೆಟ್ ಆಡಿದ್ರ ಗ್ಲಾಸ್ ಒಡದೀತು. ಮಗಾನ್ನ ಸಾಕಿದ್ದು ಇಷ್ಟು ತ್ರಾಸ ಆಗಿದ್ದಿಲ್ಲ."

ಆ ಹದಿನೈದು ಮಿನಿಟಿನ ಚಾಲೂ ಮಾಡುವ ಪದ್ಧತಿಯಿಂದ ಕಾರಿಗೆ ಲಾಭಕ್ಕಿಂತ ಹಾನಿಯೇ ಹೆಚ್ಚು ಎಂದು ಅವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ನಿಂತಲ್ಲೇ ಓಡಿದ ಎಂಜಿನ್ನಿನ ಎಣ್ಣೆ ಪೂರಾ ಕಾಯುವುದಿಲ್ಲ, ಒಳಗಿನ ತೇವ ಆರುವುದಿಲ್ಲ, ಸೈಲೆನ್ಸರಿನಲ್ಲಿ ನೀರು ನಿಂತು ತುಕ್ಕು ಹಿಡಿಯುತ್ತದೆ, ಬ್ಯಾಟರಿಗೆ ಖರ್ಚಾದಷ್ಟು ಚಾರ್ಜು ಮರಳಿ ತುಂಬುವುದಿಲ್ಲ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆಸುತ್ತಾರೆ, ಅದು ಗಾಳಿಯ ತೇವ ಹೀರುತ್ತದೆ. ಧಾರವಾಡದ ಮಳೆಗಾಲವೆಂದರೆ ಗೋಡೆಯೇ ನಾಲ್ಕು ತಿಂಗಳು ಹಸಿ. ಬ್ರೇಕಿನ ಡಿಸ್ಕಿನ ಮೇಲೆ ಜಂಗು ಏರುತ್ತದೆ. ಹೊರಗೆ ಮಳೆ ಹಿಡಿದರೆ ಇಲಿ, ಹೆಗ್ಗಣ ಬೆಚ್ಚಗಿನ ಜಾಗ ಹುಡುಕಿ ಬಾನೆಟ್ಟಿನ ಕೆಳಗೆ ಸಂಸಾರ ಹೂಡುತ್ತವೆ, ತಂತಿ ಕಡಿಯುತ್ತವೆ. ಇಂಥ ಕಾರಿನ ತಂತಿಯ ಕಟ್ಟು ಬದಲಾಯಿಸಬೇಕಾದರೆ ಬೆಂಗಳೂರಿಗೇ ಹೊರಬೇಕು. ಟೈರುಗಳು ಒಂದೇ ಜಾಗದಲ್ಲಿ ಭಾರ ಹೊತ್ತು ಚಪ್ಪಟೆಯಾಗುತ್ತವೆ. ಟೈರಿನ ಬದಿಗೆ ನಾಲ್ಕು ಅಂಕಿ ಇರುತ್ತವೆ, ಯಾವ ವಾರ, ಯಾವ ವರ್ಷ ತಯಾರಾಯಿತೆಂದು. ಉದಾಹರಣೆಗೆ 2319 ಅಂದರೆ 2019ರ 23ನೆಯ ವಾರ. ನಾಳೆ ಕೊಳ್ಳಲು ಬಂದವನು ಮೊದಲು ಬಗ್ಗಿ ನೋಡುವುದು ಅದನ್ನೇ. ಕಾರು ಐದು ಸಾವಿರ ಕಿಲೋಮೀಟರ್ ಮಾತ್ರ ಓಡಿದೆ ಎಂದು ನೀವು ಹೆಮ್ಮೆಯಿಂದ ಹೇಳಿದರೆ, ಹಾಗಾದರೆ ಉಳಿದ ದಿನ ನಿಂತೇ ಇತ್ತು ಎಂದು ಅವನು ಬೆಲೆ ಇಳಿಸುತ್ತಾನೆ.

ಇನ್ಶುರನ್ಸ್ ಕಟ್ಟುತ್ತಲೇ ಇರಬೇಕು. ಬಿಟ್ಟರೆ, 90 ದಿನ ದಾಟಿದ ಮೇಲೆ ಶೇ 50ರವರೆಗೆ ಗಳಿಸಿದ್ದ ನೋ ಕ್ಲೇಮ್ ಬೋನಸ್ ಕೂಡ ಹೋಗುತ್ತದೆ. ಎರಡು-ಮೂರು ವರ್ಷ ಕಳೆದು, ಮಗ ಇನ್ನು ಬರುವುದಿಲ್ಲ ಎಂದು ಎಲ್ಲರಿಗೂ ಖಾತ್ರಿಯಾದ ಮೇಲೆ ಮಾರಲು ಹೊರಟರೆ, ಸಹಿ ಮಾಡಬೇಕಾದವನು ಸಮುದ್ರದಾಚೆ. ಅವನು ಅಲ್ಲಿಯ ರಾಯಭಾರ ಕಚೇರಿಗೆ ರಜೆ ಹಾಕಿ ಹೋಗಿ ಮುಖತ್ಯಾರ ಪತ್ರ ದೃಢೀಕರಿಸಿ ಕಳಿಸಬೇಕು, ಅದಕ್ಕೆ ಇಲ್ಲಿ ಸ್ಟಾಂಪು ಆಗಬೇಕು, ಅಪ್ಪ ಅದನ್ನು ಹಿಡಿದು ಆರ್.ಟಿ.ಒ. ಕಚೇರಿಯ ಸಾಲಿನಲ್ಲಿ ನಿಲ್ಲಬೇಕು. ಇಷ್ಟೆಲ್ಲ ಹೊರೆಯನ್ನು ಪ್ರೀತಿಯ ಹೆಸರಿನಲ್ಲಿ ಎಪ್ಪತ್ತರ ಅಪ್ಪನ ತಲೆಗೆ ಕಟ್ಟುವುದು ನ್ಯಾಯವಲ್ಲ. ಕಾರಿಗೂ ನ್ಯಾಯವಲ್ಲ, ಓಡಲಿಕ್ಕೆಂದೇ ಮಾಡಿದ ಯಂತ್ರ ಅದು.

ಹಾಗಾದರೆ ಯಾರು ಒಯ್ಯಬೇಕು? ಬ್ರಿಟನ್ನಿನಂಥ ಎಡಬದಿಯ ದೇಶಕ್ಕೆ, ಐದಾರು ವರ್ಷಕ್ಕಿಂತ ಹೆಚ್ಚು ಕಾಲಕ್ಕೆ, ಅಲ್ಲಿ ದುಡ್ಡು ಕೊಟ್ಟರೂ ಸಿಗದಂಥ ಕಾರು ಇದ್ದವರು ಒಯ್ಯಬೇಕು. ಕೈಯಾರೆ ಕಟ್ಟಿ ನಿಲ್ಲಿಸಿದ ಹಳೆಯ ಕಾರು, ಅಜ್ಜ ಓಡಿಸಿದ ಕಾರು, ಆ ಫೈಬರ್ ಮೈಯ ಸ್ಯಾನ್ ಸ್ಟಾರ್ಮ್, ಇಂಥವು. ಶೋರೂಮಿನಿಂದ ತಂದ ಹೊಸ ಕಾರಾದರೆ ಅದೇ ಕಾರು ಅಲ್ಲಿ ಇಲ್ಲಿಗಿಂತ ಸೋವಿಯಾಗಿ ಸಿಗುತ್ತದೆ, ಅಲ್ಲಿಯ ಕಂಪನಿಯ ಗ್ಯಾರಂಟಿಯೊಂದಿಗೆ. ಇಲ್ಲಿಯ ಗ್ಯಾರಂಟಿ ಸಾಮಾನ್ಯವಾಗಿ ಗಡಿ ದಾಟುವುದಿಲ್ಲ.

ಉಳಿದವರು ಮಾರಬೇಕು, ಅದೂ ಕೊನೆಯ ವಾರದಲ್ಲಿ ಅಲ್ಲ. ಸೂಟ್‌ಕೇಸು ತೆರೆದ ಮನೆಗೆ ಬಂದ ಗಿರಾಕಿ ಕಾರಿನ ಬೆಲೆ ಕೇಳುವುದಿಲ್ಲ, ನಿಮ್ಮ ವಿಮಾನದ ತಾರೀಖು ಕೇಳುತ್ತಾನೆ. ವೀಸಾಕ್ಕೆ ಅರ್ಜಿ ಹಾಕಿದ ದಿನವೇ ಕಾರಿನ ವಿಚಾರವನ್ನೂ ಶುರು ಮಾಡಬೇಕು. ಇಂಥ ಕಾರಿಗೆ ಹುಬ್ಬಳ್ಳಿಯಲ್ಲಿ ಗಿರಾಕಿ ಕಡಿಮೆ. ಬೆಂಗಳೂರು, ಪುಣೆಯಲ್ಲಿ ಹೆಚ್ಚು. ಸರ್ವಿಸಿನ ಪುಸ್ತಕ, ಎರಡೂ ಕೀಲಿ, ಮೊದಲಿನ ಬಿಲ್ಲು ಜೋಡಿಸಿಟ್ಟುಕೊಳ್ಳಿ. ಕರ್ನಾಟಕದಲ್ಲಿ 20 ಲಕ್ಷ ರೂಪಾಯಿ ದಾಟಿದ ಕಾರಿಗೆ ಆಜೀವ ತೆರಿಗೆಯೇ ಶೇ 18, ಮೇಲೆ ಸೆಸ್ಸು. 80 ಲಕ್ಷದ ಕಾರಾದರೆ ತೆರಿಗೆಯೇ 14 ಲಕ್ಷದ ಮೇಲೆ. ಕಾರು ಹೊರ ರಾಜ್ಯಕ್ಕೆ ಕಾಯಮ್ಮಾಗಿ ಹೋದರೆ ಬಳಸದ ವರ್ಷಗಳ ಪಾಲನ್ನು ಮರಳಿ ಕೇಳಲು ಅವಕಾಶ ಉಂಟು. ಎಷ್ಟೋ ಜನ ಇದನ್ನು ಕೇಳುವುದೇ ಇಲ್ಲ. ನೋ ಕ್ಲೇಮ್ ಬೋನಸ್ಸಿನ ಪತ್ರವನ್ನೂ ಇನ್ಶುರನ್ಸ್ ಕಂಪನಿಯಿಂದ ಬರೆಸಿಕೊಳ್ಳಿ. ಪರದೇಶದ ಕೆಲವು ಕಂಪನಿಗಳು ಅದನ್ನು ನೋಡಿ ಅಲ್ಲಿಯ ಪ್ರೀಮಿಯಮ್ಮಿನಲ್ಲಿ ಸ್ವಲ್ಪ ಬಿಡುತ್ತವೆ.

ಮಾರಿದ ಮೇಲೆ ರೊಕ್ಕ ಬಂತು, ಕೀಲಿ ಕೊಟ್ಟೆ, ಮುಗಿಯಿತು ಎನ್ನುವವರಿದ್ದಾರೆ. ಮುಗಿದಿರುವುದಿಲ್ಲ. ಫಾರ್ಮ್ 29, ಫಾರ್ಮ್ 30 ತುಂಬಿ, ಅದೇ ರಾಜ್ಯದೊಳಗಾದರೆ 14 ದಿನದಲ್ಲಿ ಆರ್.ಟಿ.ಒ.ಗೆ ತಿಳಿಸಬೇಕು; ಹೊರ ರಾಜ್ಯಕ್ಕಾದರೆ ಫಾರ್ಮ್ 28ರ ನಿರಾಕ್ಷೇಪಣ ಪತ್ರವೂ ಬೇಕು. ಅಪಘಾತದ ಪರಿಹಾರದ ಪ್ರಕರಣವೊಂದರಲ್ಲಿ 2018ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ: ಕಾರು ಎಷ್ಟು ಕೈ ಬದಲಾಗಿದ್ದರೂ, ನೋಂದಣಿಯಲ್ಲಿ ಯಾರ ಹೆಸರಿದೆಯೋ ಕಾನೂನಿನ ಲೆಕ್ಕದಲ್ಲಿ ಮಾಲೀಕರು ಅವರೇ, ಹೊಣೆಯೂ ಅವರದೇ. ಹೆಸರು ಬದಲಾಯಿತೇ ಎಂದು ಸರಕಾರದ ವಾಹನ್ ದಾಖಲೆಯಲ್ಲಿ ನಂಬರು ಹಾಕಿ ನೋಡಿದರೆ ಎರಡು ನಿಮಿಷದಲ್ಲಿ ತಿಳಿಯುತ್ತದೆ. ಅದನ್ನು ನೋಡಿಕೊಂಡೇ ವಿಮಾನ ಹತ್ತಿ.